ಹುಡುಗಿಯರ ಸಂಖ್ಯೆ ನೋಡಿ ಅನುದಾನ ನಿಲ್ಲಿಸಬೇಡಿ

ಕಾಲೇಜುಗಳಲ್ಲಿ ಈಗ ಹುಡುಗಿಯರೇ ಅರ್ಧದಷ್ಟಿದ್ದಾರೆ, ಸಮಾನತೆಗೆಂದು ಸರ್ಕಾರ ಬೇರೆ ಹಣ ಕೊಡಬೇಕಿಲ್ಲ ಎಂದು ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ಮಾತನ್ನು ನಾನು ಒಪ್ಪುವುದಿಲ್ಲ. ತರಗತಿಯಲ್ಲಿ ತಲೆ ಎಣಿಸಿದರೆ ಸಾಕೇ? ಪ್ರಾಧ್ಯಾಪಕರ ಕೊಠಡಿಯಲ್ಲೂ ಎಣಿಸಬೇಕು ಅಲ್ವಾ? ಐರೋಪ್ಯ ಒಕ್ಕೂಟದಲ್ಲಿ 2018ರಲ್ಲಿ ಪಿಎಚ್‌ಡಿ ಪಡೆದವರಲ್ಲಿ ಸುಮಾರು ಶೇ. 48 ಮಂದಿ ಮಹಿಳೆಯರು. ಪ್ರಾಧ್ಯಾಪಕರ ಅತಿ ಮೇಲಿನ ಹುದ್ದೆಯಲ್ಲಿ ಮಾತ್ರ ಸುಮಾರು ಶೇ. 26. ಪಿಎಚ್‌ಡಿ ಮುಗಿಸಿ ವರ್ಷಗಟ್ಟಲೆ ತಾತ್ಕಾಲಿಕ ಕೆಲಸ, ಹೆಚ್ಚಿನವರಿಗೆ ಅದೇ ವಯಸ್ಸಿನಲ್ಲಿ ಹೆರಿಗೆ, ಮಗುವಿನ ಆರೈಕೆ. ಒಮ್ಮೆ ಬಿಟ್ಟವರಿಗೆ ಮರಳಿ ಬರುವುದು ಬಹಳ ಕಷ್ಟ. ಹಣ ಜಾಸ್ತಿ ಬೇಕಿರುವುದೇ ಇಲ್ಲಿ.

ಸುಮ್ನೆ ಹಂಚಿದ ಹಣ ಕಾರ್ಯಾಗಾರ, ಪೋಸ್ಟರ್‌ಗಳಲ್ಲೇ ಮುಗಿದುಹೋಗುತ್ತದೆ ಎಂದು ಅವರು ಹೇಳಿದ್ದು ನಿಜ. ಅದಕ್ಕೆ ಷರತ್ತು ಹಾಕಬೇಕೇ ಹೊರತು ಹಣ ನಿಲ್ಲಿಸಬಾರದು. ಜರ್ಮನಿಯಲ್ಲಿ 2008ರಿಂದ ಒಂದು ಯೋಜನೆ ನಡೆಯುತ್ತಿದೆ. ವಿಶ್ವವಿದ್ಯಾಲಯ ಮೊದಲು ತನ್ನ ಸಮಾನತೆಯ ಯೋಜನೆಯನ್ನು ಪರಿಶೀಲನೆಗೆ ಕೊಡಬೇಕು. ಅದು ಪಾಸಾಗಿ, ಮಹಿಳೆಯನ್ನು ಕಾಯಂ ಪ್ರಾಧ್ಯಾಪಕಿಯಾಗಿ ನೇಮಿಸಿದರೆ ಮಾತ್ರ ಆ ಹುದ್ದೆಗೆ ಐದು ವರ್ಷದವರೆಗೆ ನೆರವು. ಐರೋಪ್ಯ ಒಕ್ಕೂಟದ ‘ಹೊರೈಜನ್ ಯುರೋಪ್’ ಸಂಶೋಧನಾ ನಿಧಿಯೂ 2022ರಿಂದ ಇಂಥ ಸಮಾನತೆಯ ಯೋಜನೆ ಇಲ್ಲದ ವಿಶ್ವವಿದ್ಯಾಲಯಕ್ಕೆ ಹಣ ಕೊಡುವುದಿಲ್ಲ. ಆ ಯೋಜನೆಗೆ ಸಂಸ್ಥೆಯ ಮುಖ್ಯಸ್ಥರ ಸಹಿ ಬೇಕು, ಅದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲೂಬೇಕು.

ಅನುದಾನ ಪಡೆದ ಪ್ರತಿ ಸಂಸ್ಥೆಯೂ ಯಾವ ಹುದ್ದೆಯಲ್ಲಿ ಎಷ್ಟು ಮಹಿಳೆಯರಿದ್ದಾರೆ, ಎಷ್ಟು ಮಂದಿ ಕೆಲಸ ಬಿಟ್ಟರು ಎಂದು ವರ್ಷ ವರ್ಷ ಪ್ರಕಟಿಸಲಿ. ಲೇಖಕರು ಇದನ್ನು ಕೇಳಿದ್ದರೆ ನಾನೂ ಅವರ ಜೊತೆ ನಿಲ್ಲುತ್ತಿದ್ದೆ.