ಬಲಗಾಲಿನ ಭೌತಶಾಸ್ತ್ರ

ಒಂಬತ್ತನೇ ಕ್ಲಾಸಿನ ಮಗಳಿಗೆ ವಿಜ್ಞಾನ ಹೇಳಿಕೊಡಲು ಹೋಗಬಾರದು. ಹೋದರೂ ಸಮುದ್ರದ ದಂಡೆಯಲ್ಲಿ ನಿಂತು ಹೇಳಬಾರದು.

ಶಿರಸಿಯಿಂದ ಕಾರವಾರಕ್ಕೆ ಮದುವೆಗೆ ಬಂದಿದ್ದೆವು. ಊಟ ಮುಗಿಸಿ ಟಾಗೋರ್ ಬೀಚಿಗೆ ಹೊರಟೆವು. ಮಧ್ಯಾಹ್ನ ಎರಡು ಗಂಟೆ. ಆ ಹೊತ್ತಿಗೆ ಬೀಚಿಗೆ ಹೋಗುವವರು ಘಟ್ಟದ ಮೇಲಿನವರು ಮಾತ್ರ.

ಸಿಪ್ಪೆ ಸಮೇತ ಒಂದು ತೆಂಗಿನಕಾಯಿ ದೂರದಲ್ಲಿ ತೇಲುತ್ತಿತ್ತು. ಅಲೆ ಬಂದಾಗ ಏರಿತು, ಇಳಿಯಿತು, ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ನನ್ನೊಳಗಿನ ಮೇಷ್ಟ್ರು ಎದ್ದು ಕೂತರು. “ನೋಡು ಕೂಸೇ, ಅಲೆ ಜೊತೆ ನೀರು ಬತ್ತಿಲ್ಲೆ. ಶಕ್ತಿ ಮಾತ್ರ ಬತ್ತು. ನೀರು ಅಲ್ಲಲ್ಲೇ ಸುತ್ತು ಹಾಕ್ತು ಅಷ್ಟೇ.”

ಅಷ್ಟರಲ್ಲಿ ಬಂದ ಅಲೆ ಮೊಣಕಾಲವರೆಗೆ ಪಂಚೆ ನೆನೆಸಿತು. ವಾಪಸು ಹೋಗುವಾಗ ಬಲಗಾಲಿನ ಚಪ್ಪಲಿಯನ್ನೂ ಎಳೆದುಕೊಂಡಿತು.

“ಅಪ್ಪಾ, ಶಕ್ತಿ ಚಪ್ಪಲಿ ತಗಂಡು ಹೋತು!”

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅದು ಆಳದ ನೀರಿನ ಮಾತು. ದಡದ ಹತ್ತಿರ ಆಳ ಕಮ್ಮಿಯಾದಂತೆ ಅಲೆಯ ವೇಗ ತಗ್ಗುತ್ತದೆ, ಎತ್ತರ ಹೆಚ್ಚುತ್ತದೆ. ಕೊನೆಗೆ ತಲೆ ಭಾಗ ಮುಗ್ಗರಿಸಿ ಒಡೆಯುತ್ತದೆ. ಆಮೇಲೆ ನೀರೇ ನುಗ್ಗಿ ಬರುತ್ತದೆ. ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಇದನ್ನೆಲ್ಲ ಚಪ್ಪಲಿ ಹೋಗುವ ಮೊದಲೇ ಹೇಳಬೇಕಿತ್ತು, ಅಲ್ವಾ?

ಒಂಟಿ ಚಪ್ಪಲಿಯಲ್ಲಿ ಒಣ ಮರಳು ದಾಟುವಾಗ ಎರಡನೇ ಪಾಠ ಶುರುವಾಯಿತು. ಬೆಳಕು ಸಣ್ಣ ಸಣ್ಣ ಪೊಟ್ಟಣದ ಹಾಗೆ ಶಕ್ತಿ ತಂದುಕೊಡುತ್ತದೆ ಎಂದು 1905ರಲ್ಲಿ ಐನ್‌ಸ್ಟೈನ್ ಹೇಳಿದರು. 15 ಕೋಟಿ ಕಿಲೋಮೀಟರ್ ದೂರದ ಸೂರ್ಯನಿಂದ ಎಂಟು ನಿಮಿಷ ಚಿಲ್ಲರೆಯಲ್ಲಿ ಬಂದ ಆ ಪೊಟ್ಟಣಗಳನ್ನೆಲ್ಲ ಕಾರವಾರದ ಮರಳು ನನಗೆಂದೇ ಕೂಡಿಟ್ಟಿತ್ತು. ಒಣ ಮರಳು ಬಿಸಿಯನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ, ಮೇಲೇ ಇಟ್ಟುಕೊಳ್ಳುತ್ತದೆ. ನಾಲ್ಕು ಬೆರಳು ಅಗೆದರೆ ತಣ್ಣಗಿರುತ್ತದೆ. ನಾನೂ ಹೆಜ್ಜೆಹೆಜ್ಜೆಗೆ ಬಲಗಾಲು ಹೂಳುತ್ತಾ, ಕೀಳುತ್ತಾ ನಡೆದೆ. ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದ ನನ್ನವಳು, ಪರಿಚಯವೇ ಇಲ್ಲದವಳ ಹಾಗೆ, ಸುಮ್ನೆ ಸಮುದ್ರ ನೋಡುತ್ತಿದ್ದಳು.

ಚಪ್ಪಲಿ ಕೊಳ್ಳೋಣ ಎಂದರೆ ಬಸ್ಸಿಗೆ ಹೊತ್ತಾಗಿತ್ತು. ಬಾಗಿಲ ಹತ್ತಿರ ಜನ ಮುತ್ತಿದ್ದರು. ಹಿಂದೆ ಯಾರೋ ಪುಣ್ಯಾತ್ಮ ಒಂದು ಸಲ ತಳ್ಳಿದ. ನಡುವಿನ ಏಳೆಂಟು ಜನ ಸಾಲಾಗಿ ಮುಂದೆ ವಾಲಿ ಮತ್ತೆ ನೆಟ್ಟಗಾದರು. ಯಾರೂ ಜಾಗ ಬಿಡಲಿಲ್ಲ, ತಳ್ಳು ಮಾತ್ರ ಮುಂದೆ ಬಂತು. ಅಪ್ಪಟ ಅಲೆ! ಮಗಳಿಗೆ ತೋರಿಸಬೇಕು ಎಂದು ಕೈ ಎತ್ತಿದೆ. ಹಿಂದಿನವರ ಬೂಟು ನನ್ನ ಹೆಬ್ಬೆರಳ ಮೇಲೆ ಕೂತಿತು. ಬಲಗಾಲಿನದೇ.

ನಾನು ಕಿರುಚಿದ್ದೂ ಇದೇ ಥರ ಗಾಳಿಯ ಕಣಗಳು ಒಂದನ್ನೊಂದು ತಳ್ಳುತ್ತಾ, ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಇಡೀ ಬಸ್ ಸ್ಟ್ಯಾಂಡಿಗೆ ತಲುಪಿತು. ಕಂಡಕ್ಟರ್ ಬಾಗಿಲಿಂದ ಇಣುಕಿ ನೋಡಿದ. ಮೊದಲು ನನ್ನ ಮುಖ, ಆಮೇಲೆ ಒದ್ದೆ ಪಂಚೆ, ಕೊನೆಗೆ ಆ ಒಂಟಿ ಚಪ್ಪಲಿ.

“ಅವರಿಗೊಂದು ಸೀಟು ಬಿಡ್ರಿ, ಪಾಪ” ಅಂದ.