ಒಂದು ಫ್ರೀ, ಒಂದು ಮುಕ್ಕಾಲು

‘ಕಾರ್ಡು ಬೇಡ ಬಿಡಿ ತಾತ, ನೋಡಿದ್ರೇ ಗೊತ್ತಾಗತ್ತಲ್ಲ’ ಅಂದರು ಕಂಡಕ್ಟರ್.

ಒಳಜೇಬಿನಿಂದ ಆಧಾರ್ ಕಾರ್ಡು ತೆಗೆಯಲು ಹೆಣಗುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ನನಗೆ 62. ಬೆಳಿಗ್ಗೆ ತಾನೇ ಶೇವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟಿದ್ದೆ. ಕಾರ್ಡು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ನಿಜ. ನನ್ನ ಮಾತಿಗೆ ಬೆಲೆ ಇಲ್ವಾ ಅನ್ನಿಸುತ್ತದೆ. ಕೇಳದೇ ಇದ್ದರೆ ಅದಕ್ಕಿಂತ ಜಾಸ್ತಿ ಬರುತ್ತದೆ ಅನ್ನೋದು ಮಾತ್ರ ಅವತ್ತೇ ಗೊತ್ತಾಗಿದ್ದು.

ಪಕ್ಕದಲ್ಲಿದ್ದ ಹೆಂಡತಿ ಕಾರ್ಡು ತೋರಿಸಿದಳು. ಅದನ್ನು ಎತ್ತಿ ಹಿಡಿದ ಠೀವಿ ನೋಡಬೇಕಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ವಯಸ್ಸು ಯಾರೂ ಕೇಳುವುದಿಲ್ಲ. 60 ದಾಟಿದ ಗಂಡಸಿಗೆ ನೂರಕ್ಕೆ 25 ಕಡಿತ. ಮೆಷಿನ್ನಿನಿಂದ ಕರ್ ಕರ್ ಅಂತ ಎರಡು ಚೀಟಿ ಬಂದವು. ಒಂದು ಫ್ರೀ, ಒಂದು ಮುಕ್ಕಾಲು.

‘ಮಕ್ಕಳಿಗೆ ಅರ್ಧ, ನಿಮಗೆ ಮುಕ್ಕಾಲು. ಇನ್ನೊಂದಿಷ್ಟು ವರ್ಷ ಹೋದ್ರೆ ನೀವೂ ಅರ್ಧಕ್ಕೆ ಬರ್ತೀರಿ’ ಅಂದಳು ಅವಳು, ಕಿಟಕಿ ಕಡೆ ನೋಡುತ್ತಾ.

ತಮಾಷೆಗೆ ಅಂದದ್ದು. ಪಕ್ಕದ ಮಹಾರಾಷ್ಟ್ರದ ಸರ್ಕಾರಿ ಬಸ್ಸಿನಲ್ಲಿ ನಿಜಕ್ಕೂ ಹಾಗೇ ಇದೆ. 65 ಆದವರಿಗೆ ಅರ್ಧ ಟಿಕೆಟ್ಟು, 75 ದಾಟಿದವರಿಗೆ 2022ರಿಂದ ಪೂರ್ತಿ ಫ್ರೀ. ಎಪ್ಪತ್ತೈದಕ್ಕೆ ಬಸ್ಸಿನ ಆ ಎತ್ತರದ ಮೆಟ್ಟಿಲು ಹತ್ತಬಲ್ಲವರಿಗೆ ಬಹುಮಾನ ಕೊಟ್ಟ ಹಾಗೆ.

ರೈಲಿನ ಕಥೆ ಎತ್ತಿದರೆ ನನಗೆ ಬಿಪಿ ಏರುತ್ತದೆ. ಗಂಡಸರಿಗೆ 60ಕ್ಕೆ ನೂರಕ್ಕೆ 40, ಹೆಂಗಸರಿಗೆ 58ಕ್ಕೇ 50 ಕಡಿತ ಇತ್ತು. ರೈಲಿನವರ ಲೆಕ್ಕದಲ್ಲಿ ಹೆಂಗಸರು ನಮಗಿಂತ ಎರಡು ವರ್ಷ ಮೊದಲೇ ಮುದುಕರಾಗುತ್ತಿದ್ದರು. ಲೋಯರ್ ಬರ್ತ್ ಕೋಟಾದಲ್ಲಂತೂ 45ಕ್ಕೇ. (ಈ ಮಾತನ್ನು ಮನೆಯಲ್ಲಿ ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲಿಲ್ಲ.) 2020ರ ಮಾರ್ಚಿನಲ್ಲಿ ಕೊರೊನಾ ಅಂತ ರಿಯಾಯಿತಿ ನಿಲ್ಲಿಸಿದರು. ಕೊರೊನಾ ಹೋಯಿತು, ರಿಯಾಯಿತಿ ಬರಲಿಲ್ಲ. ಜೀವಮಾನವೆಲ್ಲ ಫುಲ್ ಟಿಕೆಟ್ ತಗೊಂಡು ಕಾದವನು ನಾನು. ನನಗೆ 60 ತುಂಬುವ ಹೊತ್ತಿಗೆ ಸರಿಯಾಗಿ ಕೌಂಟರ್ ಮುಚ್ಚಿತ್ತು.

ಹೋಗಲಿ. ಬಸ್ಸಿಗೆ ಬರೋಣ. ಅವತ್ತು ನಾನು ಕೊಟ್ಟದ್ದು ಐನೂರರ ನೋಟು. ನನ್ನ ಮುಕ್ಕಾಲು ಟಿಕೆಟ್ಟಿಗೆ 46 ರೂಪಾಯಿ. ಚಿಲ್ಲರೆ ಇಲ್ಲ ಅಂತ ಕಂಡಕ್ಟರ್ ಕಿವಿಯ ಮೇಲಿಂದ ಪೆನ್ನು ತೆಗೆದು, ಟಿಕೆಟ್ಟಿನ ಹಿಂದೆ 454 ಅಂತ ಗೀಚಿ, ಸುತ್ತ ಒಂದು ಸೊನ್ನೆ ಹಾಕಿ ಕೊಟ್ಟರು.

ಟಿಕೆಟ್ಟಿನ ಹಿಂದೆ ಬರೆಸಿಕೊಂಡವನ ಪ್ರಯಾಣ ಬೇರೆಯೇ. ಅವನು ಕಿಟಕಿಯಾಚೆ ನೋಡುವುದಿಲ್ಲ, ಕಂಡಕ್ಟರನ್ನೇ ನೋಡುತ್ತಿರುತ್ತಾನೆ. ಅವರು ಹಿಂದಕ್ಕೆ ಹೋದರೆ ಕುತ್ತಿಗೆ ತಿರುಗಿಸುತ್ತಾನೆ, ಮುಂದಕ್ಕೆ ಬಂದರೆ ಟಿಕೆಟ್ಟು ಸ್ವಲ್ಪ ಕಾಣುವ ಹಾಗೆ ಹಿಡಿಯುತ್ತಾನೆ. ಹೊಸದಾಗಿ ಹತ್ತಿದವರು ನೂರರ ನೋಟು ಕೊಟ್ಟರೆ ಇವನ ಮುಖ ಅರಳುತ್ತದೆ. ಕೇಳಿದರೆ ‘ಕೊಡ್ತೀನಿ, ಓಡಿಹೋಗ್ತೀನಾ?’ ಅನ್ನುವ ಉತ್ತರ ಸಿದ್ಧವಿರುತ್ತದೆ. ಕೇಳದಿದ್ದರೆ ಮರೆತುಹೋಗುತ್ತದೆ.

ನಾನು ನಿದ್ದೆ ಮಾಡಿಬಿಟ್ಟೆ. ‘ರೀ, ಏಳಿ, ಸ್ಟಾಪ್ ಬಂತು’ ಅಂತ ಇವಳು ಅಲುಗಿಸಿದಾಗ ಗಾಬರಿಯಲ್ಲಿ ಇಳಿದೆ. ರೈಟ್ ರೈಟ್ ಅಂತ ಕೂಗು ಕೇಳಿತು, ಬಸ್ಸು ಹೊರಟಿತು. ಕೈಯಲ್ಲಿದ್ದ ಚೀಟಿ ಮಗುಚಿ ನೋಡಿದೆ. 454, ಸುತ್ತ ಸೊನ್ನೆ.

ಓಡಿದೆ. ತಾತ ಅನ್ನಿಸಿಕೊಂಡ ಒಂದೇ ಗಂಟೆಯೊಳಗೆ ಓಡಿದೆ ಅನ್ನುವುದು ಗಮನದಲ್ಲಿರಲಿ. ನೂರು ಹೆಜ್ಜೆಗೆ ಸಾಕಾಯಿತು. ಒಬ್ಬ ಆಟೋದವನು ಪಕ್ಕಕ್ಕೆ ಬಂದು, ಏನೂ ಕೇಳದೆ ‘ಚಿಲ್ಲರೆನಾ? ಹತ್ತಿ ಯಜಮಾನ್ರೇ’ ಅಂದ. ದಿನಕ್ಕೊಬ್ಬರಾದರೂ ಸಿಗುತ್ತಾರಂತೆ. ಇವಳನ್ನು ಬ್ಯಾಗಿನ ಜೊತೆ ಸ್ಟಾಪಿನಲ್ಲೇ ಬಿಟ್ಟು ಬಸ್ಸಿನ ಬೆನ್ನು ಹತ್ತಿದೆವು. ಎರಡು ಸ್ಟಾಪಿನಲ್ಲಿ ಕೈಗೆ ಸಿಕ್ಕಿದಂತಾಗಿ ತಪ್ಪಿತು. ಕೊನೆಗೆ ಸಿಕ್ಕಿದ್ದು ಬಸ್ ಸ್ಟ್ಯಾಂಡಿನಲ್ಲೇ. ಕಂಡಕ್ಟರ್ ಕಟ್ಟೆಯ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಎದ್ದು ನಿಂತು, ಎಣಿಸಿಟ್ಟಿದ್ದ 454 ರೂಪಾಯಿಯನ್ನು ಮೇಲಿನ ಜೇಬಿನಿಂದ ತೆಗೆದು ಕೊಟ್ಟರು. ‘ಬರ್ತೀರಿ ಅಂತ ಗೊತ್ತಿತ್ತು ತಾತ’ ಅಂದರು. ಬೈಯಲು ಒಂದು ಮಾತೂ ಸಿಗಲಿಲ್ಲ. ಅದೇ ಬೇಜಾರು.

ಹೋಗಿ ಬಂದ ಆಟೋಗೆ 120. ರಿಯಾಯಿತಿಯಿಂದ ನನಗೆ ಉಳಿದದ್ದು 15.

ವಾಪಸ್ಸು ಬಂದರೆ ಇವಳು ಬ್ಯಾಗಿನ ಮೇಲೆ ಕೂತಿದ್ದಳು. ‘ನನ್ನ ಟಿಕೆಟ್ಟಿನ ಹಿಂದೆ ಯಾರೂ ಏನೂ ಬರೆಯಲ್ಲ ನೋಡಿ’ ಅಂತ ತನ್ನ ಚೀಟಿ ಮಗುಚಿ ತೋರಿಸಿದಳು.

ಈಗ ಅವಳು ಸುಮ್ನೆ ಹೋಗಿ ಬರುತ್ತಾಳೆ. ತಂಗಿಯ ಮನೆಗೆ ಒಂದು ಹಿಡಿ ಕರಿಬೇವು ಕೊಡಲು ಮೂವತ್ತು ಕಿಲೋಮೀಟರ್. ಮೊದಲಾದರೆ ‘ಅಷ್ಟಕ್ಕೆ ಯಾಕೆ ಹೋಗೋದು’ ಅನ್ನುತ್ತಿದ್ದವಳೂ ಅವಳೇ. ನಾನು ಇವತ್ತಿಗೂ ಹೊರಡುವ ಮೊದಲು 46 ಹೋಗಕ್ಕೆ, 46 ಬರಕ್ಕೆ ಅಂತ ಲೆಕ್ಕ ಹಾಕಿ, ಮನೆಯಲ್ಲೇ ಉಳಿದು ಪೇಪರ್ ಓದುತ್ತೇನೆ. ಪೆನ್ಷನ್ ಬರುತ್ತದೆ. ಕೊಡಲಾಗದೆ ಅಲ್ಲ.

ಹೋದ ವಾರ ಒಬ್ಬನೇ ಹೋಗಬೇಕಾಯಿತು. ಬೆಳಗಿನ ಬಸ್ಸು, ನಿಲ್ಲಲು ಜಾಗವಿಲ್ಲ. ಈ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಅಂತ ನಿಯಮವಿದೆ. ಅದನ್ನು ಆ ರಶ್ಶಿನಲ್ಲಿ ಓದಿ ಹೇಳಲು ಧೈರ್ಯ ಬೇಕು, ನನಗಿಲ್ಲ. ಗಾರೆ ಕೆಲಸದ ಹುಡುಗನೊಬ್ಬ, ಮೂವತ್ತು ಇರಬಹುದು, ಎದ್ದು ಸೀಟು ಬಿಟ್ಟುಕೊಟ್ಟ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗಿಂದ ಕರಣೆಯ ತುದಿ ಇಣುಕುತ್ತಿತ್ತು. ಉಗುರಿನ ಸಂದಿಯಲ್ಲಿ ನಿನ್ನೆಯ ಸಿಮೆಂಟು. ಎರಡು ಇಪ್ಪತ್ತು, ಎರಡು ಹತ್ತು, ಒಂದು ರೂಪಾಯಿ ನಾಣ್ಯ ಎಣಿಸಿ ಕೊಟ್ಟ. 61. ಅವನು ದಿನಾ ಕೊಡುತ್ತಾನೆ, ನಿಂತುಕೊಂಡು ಕೊಡುತ್ತಾನೆ. ಅವನ ಸೀಟಿನಲ್ಲಿ ಕೂತ ನನಗೆ 15 ರೂಪಾಯಿ ಕಡಿತ.

ಕಂಡಕ್ಟರ್ ನನ್ನ ಕಡೆ ತಿರುಗಿದರು. ಏನು ಹೊಳೆಯಿತೋ, ಆಧಾರ್ ತೆಗೆಯದೆ ‘ಒಂದು ಫುಲ್’ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ.

ಆ ಹುಡುಗ ಬಗ್ಗಿ, ‘ತಾತ, ನಿಮಗೆ ಕಮ್ಮಿ ಇದೆ, ಕಾರ್ಡ್ ತೋರಿಸಿ’ ಅಂದ. ಕಂಡಕ್ಟರ್ ನನ್ನ ಮುಖವನ್ನೊಮ್ಮೆ ನೋಡಿ, ‘ಅವರಿಗೆ ಕಾರ್ಡ್ ಬೇಡ ಬಿಡಪ್ಪ’ ಅಂತ ಮೆಷಿನ್ ಒತ್ತಿದರು.

46. ನಾನು ಐವತ್ತರ ನೋಟು ಕೊಟ್ಟೆ. ಹಿಂದೆ 4 ಅಂತ ಬರೆದುಕೊಟ್ಟರು.