ಕೊನೇ ಹಾಳೆ ಇದೆಯಾ?

ಮುಂಬೈಯ ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವನೊಬ್ಬ ಮೊನ್ನೆ ನನ್ನ ಕೈಮೇಲೆ ಮೆಲ್ಲಗೆ ಹೊಡೆದ. ಬೆಲ್ಲದ ಡಬ್ಬಿಗೆ ಕೈ ಹಾಕಿದ ಮಕ್ಕಳಿಗೆ ಕೊಡ್ತಾರಲ್ಲ, ಅಂಥ ಏಟು. ನಾನು ಮಾಡಿದ್ದು ಇಷ್ಟೇ. ಪ್ಲಾಸ್ಟಿಕ್ ಚೀಲದೊಳಗಿದ್ದ ರಿಪ್ ಕರ್ಬಿ ಅನ್ನೋ ಪತ್ತೇದಾರನ ಒಂದು ಹಳೇ ಕಾಮಿಕ್ಸನ್ನು ಹೊರಗೆ ತೆಗೆಯಲು ಹೋಗಿದ್ದೆ. "ಖೋಲ್ನೇಕಾ ನಹೀ ಅಂಕಲ್, ಕಲೆಕ್ಷನ್ ಕಾ ಮಾಲ್ ಹೈ" ಅಂದ. ಅಂಕಲ್ ಅಂದಿದ್ದಕ್ಕೆ ಜಾಸ್ತಿ ಉರಿಯಿತಾ, ಬಿಚ್ಚಬಾರದು ಅಂದಿದ್ದಕ್ಕಾ, ಇನ್ನೂ ತೀರ್ಮಾನವಾಗಿಲ್ಲ.

"ಆಖ್ರೀ ಪೇಜ್ ಹೈ ಕ್ಯಾ?" ಅಂತ ಕೇಳಿದೆ. ಅವನು ಕವರ್ ತೋರಿಸಿ, "ದೇಖೋ, ಏಕ್ ಭೀ ಫೋಲ್ಡ್ ನಹೀ" ಅಂದ. ನಾನು ಕೇಳಿದ್ದು ಅದಲ್ಲ ಮಾರಾಯ! ಪತ್ತೇದಾರಿ ಕಥೆಗೆ ಕೊನೇ ಹಾಳೆ ಇಲ್ಲದಿದ್ದರೆ ಕವರ್ ಎಷ್ಟು ಗರಿಗರಿ ಇದ್ದರೆ ಯಾರಿಗೆ ಬೇಕು? ಅವನು ಹೇಳಿದ ರೇಟನ್ನು ಇಲ್ಲಿ ಬರೆಯುವುದಿಲ್ಲ. ಮನೆಯವರೂ ಇದನ್ನು ಓದುತ್ತಾರೆ.

ಈ ಕೊನೇ ಹಾಳೆಯ ಸಂಕಟ ಹಳೇ ರದ್ದಿ ಅಂಗಡಿಗಳಿಂದ ಕಾಮಿಕ್ಸ್ ತಂದು ಓದಿದವರಿಗೆ ಮಾತ್ರ ಗೊತ್ತು. ಕಾಮಿಕ್ಸಿಗೆ ನಡುಬೆನ್ನಿಗೆ ಎರಡು ಪಿನ್ನು. ಮುಂಬೈ ಮಳೆಗಾಲಕ್ಕೆ ಪಿನ್ನು ತುಕ್ಕು ಹಿಡಿದು, ಸುತ್ತ ಕಂದು ಬಣ್ಣದ ಒಂದು ಉಂಗುರ ಮೂಡುತ್ತದೆ. ಆ ಉಂಗುರ ಕಾಗದವನ್ನು ತಿನ್ನುತ್ತದೆ. ಆಮೇಲೆ ಹಾಳೆ ಒಂದೊಂದಾಗಿ ಕಳಚುತ್ತದೆ. ತಮಾಷೆ ಏನೆಂದರೆ, ಮೊದಲ ಹಾಳೆ ಮತ್ತು ಕೊನೇ ಹಾಳೆ ಎರಡೂ ಒಂದೇ ಕಾಗದ, ಮಡಚಿದ್ದು. ಕೊನೆಯದು ಹೋದರೆ ಮೊದಲನೆಯದೂ ಹೋಗುತ್ತದೆ. ಕೊಲೆಗಾರ ಯಾರು ಅನ್ನೋದು ಹಾಗಿರಲಿ, ಕೊಲೆಯಾದವನು ಯಾರು ಅಂತಲೂ ಗೊತ್ತಾಗೋದಿಲ್ಲ. ನಡುವೆ ಮಾತ್ರ ಒಬ್ಬ ಕನ್ನಡಕದವನು ಪೈಪ್ ಕಚ್ಚಿಕೊಂಡು ಯಾರನ್ನೋ ಯಾತಕ್ಕೋ ಹುಡುಕುತ್ತಿರುತ್ತಾನೆ.

ಈ ರಿಪ್ ಕರ್ಬಿ ಬರುತ್ತಿದ್ದ ಇಂದ್ರಜಾಲ ಕಾಮಿಕ್ಸ್ ನಮ್ಮ ಊರಿನದೇ ಸರಕು. ವಿ.ಟಿ., ಅಂದರೆ ಈಗಿನ ಸಿಎಸ್‌ಎಂಟಿ ಸ್ಟೇಷನ್ನಿನ ಎದುರಿಗೆ ಟೈಮ್ಸ್ ಆಫ್ ಇಂಡಿಯಾ ಕಟ್ಟಡವಿದೆಯಲ್ಲ, ಆ ಸಂಸ್ಥೆಯವರೇ 1964ರ ಮಾರ್ಚಿನಲ್ಲಿ ಶುರು ಮಾಡಿದ್ದು, 1990ರಲ್ಲಿ ನಿಲ್ಲಿಸಿದ್ದು. ಕನ್ನಡದಲ್ಲೂ ಬಂದಿತ್ತು. ಶುರುವಿನಲ್ಲಿ ಫ್ಯಾಂಟಮ್ ಒಬ್ಬನದೇ ದರ್ಬಾರು. ಬರಬರುತ್ತಾ ಮ್ಯಾಂಡ್ರೇಕ್ ಬಂದ, ಆಬಿದ್ ಸುರತಿಯವರ ಬಹಾದೂರ್ ಬಂದ, ಕೆರಿ ಡ್ರೇಕ್, ಫಿಲ್ ಕಾರಿಗನ್, ರಿಪ್ ಕರ್ಬಿ ಎಲ್ಲ ಬಂದರು. ಹುಡುಗರೆಲ್ಲ ಫ್ಯಾಂಟಮ್‌ಗೆ ಬಿದ್ದು ಸಾಯುತ್ತಿದ್ದರು. ಮುಖವಾಡ, ಗುಹೆ, ತಲೆಬುರುಡೆ ಉಂಗುರ ಇದ್ದರೆ ಯಾರಿಗೆ ಬೇಡ? ಆದರೆ ನಮ್ಮ ಮನೆಯಲ್ಲಿ ಮಾತ್ರ ಪತ್ತೇದಾರಿಗಳದೇ ಮೇಲುಗೈ. ಅದಕ್ಕೆ ಕಾರಣ ನಮ್ಮ ದೊಡ್ಡಪ್ಪ. ಅವರ ಚಮಚದ ಸಂಗತಿ ಹೇಳಿಬಿಡುತ್ತೇನೆ.

ದೊಡ್ಡಪ್ಪ ಕುಂದಾಪುರ ಕಡೆಯವರು. ಕೋಟೆಯಲ್ಲಿ, ಅಂದರೆ ಮುಂಬೈಯ ಫೋರ್ಟ್ ಬಡಾವಣೆಯಲ್ಲಿ, ಒಂದು ಹೋಟೆಲಿನ ಪಾಲುದಾರರಾಗಿ ಗಲ್ಲಾದ ಮೇಲೆ ಕೂರುತ್ತಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಗಿರಾಕಿ ಕಡಿಮೆ. ಆಗ ಗಲ್ಲಾದ ಡ್ರಾಯರಿನಿಂದ ರಿಪ್ ಕರ್ಬಿ ಹೊರಗೆ ಬರುತ್ತಿದ್ದ. ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಚಿತ್ರ ನೋಡಿಯೇ ಕಳ್ಳನನ್ನು ಹೇಳಬಲ್ಲೆ ಅನ್ನುತ್ತಿದ್ದರು. ಅಲೆಕ್ಸ್ ರೇಮಂಡ್ 1946ರಲ್ಲಿ ಹುಟ್ಟಿಸಿದ ಪತ್ತೇದಾರ ಈ ಕರ್ಬಿ. ಹೊಡೆದಾಟಕ್ಕಿಂತ ಯೋಚನೆ ಜಾಸ್ತಿ, ಕಣ್ಣಿಗೆ ದಪ್ಪ ಚೌಕಟ್ಟಿನ ಕನ್ನಡಕ. ದೊಡ್ಡಪ್ಪನಿಗೂ ಅಂಥದೇ ಕನ್ನಡಕವಿತ್ತು. ಕರ್ಬಿಯ ಮನೆಯಲ್ಲಿ ಡೆಸ್ಮಂಡ್ ಅಂತ ಒಬ್ಬ ಬಟ್ಲರ್. ಹಿಂದೆ ಅವನೂ ಕಳ್ಳನೇ. ಇದು ದೊಡ್ಡಪ್ಪನಿಗೆ ಬಹಳ ಹಿಡಿಸಿದ ವಿಷಯ.

1980ರ ದಶಕದ ನಡುವೆ ಹೋಟೆಲಿನಲ್ಲಿ ಚಮಚ ಕಾಣೆಯಾಗತೊಡಗಿದವು. ವಾರಕ್ಕೆ ಡಜನ್‌ಗಟ್ಟಲೆ. ಬೇರೆ ಮಾಲೀಕರಾಗಿದ್ದರೆ ಬೈದು, ಹೊಸದು ತಂದು ಸುಮ್ನಾಗುತ್ತಿದ್ದರು. ದೊಡ್ಡಪ್ಪ ಒಂದು ನೋಟ್‌ಬುಕ್ ತಂದರು. ಯಾವ ಟೇಬಲಿಗೆ ಎಷ್ಟು ಚಮಚ ಹೋಯಿತು, ಎಷ್ಟು ವಾಪಸು ಬಂತು ಅಂತ ಬರೆಯಲು ಸಪ್ಲಾಯರ್‌ಗಳಿಗೆ ಅಪ್ಪಣೆಯಾಯಿತು. ಲೆಕ್ಕ ಬರೆಯುವ ಗಡಿಬಿಡಿಯಲ್ಲಿ ಇಡ್ಲಿ ಕೇಳಿದವರಿಗೆ ಉಪ್ಪಿಟ್ಟು ಹೋಗತೊಡಗಿತು. ಆಮೇಲೆ ಪಾತ್ರೆ ಅಂಗಡಿಗೆ ಹೋಗಿ ಎಲ್ಲ ಚಮಚದ ಹಿಡಿಗೂ ಹೋಟೆಲಿನ ಹೆಸರು ಕೆತ್ತಿಸಿಕೊಂಡು ಬಂದರು. ಕೆತ್ತಿಸಿದ ಮೇಲೆ ಇನ್ನೂ ಜೋರಾಗಿ ಕಾಣೆಯಾದವು.

ಅನುಮಾನ ಮೋರಿಯಲ್ಲಿ ಪಾತ್ರೆ ತೊಳೆಯುವ ಹುಡುಗನ ಮೇಲೆ ಬಿತ್ತು. ಊರಿನ ಕಡೆಯ ಮಾಣಿ, ಕೆಲಸ ಮುಗಿಸಿ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದ. ದೊಡ್ಡಪ್ಪ ಓದಿ ಬಿಟ್ಟ ಕಾಮಿಕ್ಸನ್ನು ಅವನು ಒದ್ದೆ ಕೈ ಒರೆಸಿಕೊಂಡು ತೆಗೆದುಕೊಂಡು ಹೋಗಿ ಓದುತ್ತಿದ್ದ. ಅರ್ಥವಾಗದ ಪದಗಳನ್ನು ದೊಡ್ಡಪ್ಪನನ್ನೇ ಕೇಳುತ್ತಿದ್ದ, ದೊಡ್ಡಪ್ಪ ಗೊತ್ತಿಲ್ಲದ್ದಕ್ಕೂ ಏನಾದರೊಂದು ಹೇಳುತ್ತಿದ್ದರು. "ಅವ ಇದನ್ನೆಲ್ಲ ಓದ್ತ. ಉಪಾಯ ಎಲ್ಲ ಗೊತ್ತಿತ್ತ್ ಅವನಿಗೆ" ಅನ್ನೋದು ದೊಡ್ಡಪ್ಪನ ತರ್ಕ. ಹುಡುಗನನ್ನು ಮೋರಿಯಿಂದ ತೆಗೆದು, ಚಮಚ ಕೈಗೆ ಸಿಗದ ಕಡೆ, ಆಲೂಗಡ್ಡೆ ಸುಲಿಯಲು ಒಳಗೆ ಕೂರಿಸಿದರು. ಕಾಮಿಕ್ಸ್ ಬಂದಾಯಿತು.

ಚಮಚ ಹೋಗುವುದು ನಿಲ್ಲಲಿಲ್ಲ.

ಕೊನೆಗೆ ಒಂದು ದಿನ ದೊಡ್ಡಪ್ಪ ಧೋತರ ಬಿಟ್ಟು ಪ್ಯಾಂಟ್ ಹಾಕಿಕೊಂಡು, ಎದುರು ಸಾಲಿನ ಹೋಟೆಲಿಗೆ ಗಿರಾಕಿಯ ಹಾಗೆ ಹೋದರು. ವೇಷ ಮರೆಸಿಕೊಂಡೆ ಅಂತ ಅವರ ನಂಬಿಕೆ. ಅಲ್ಲಿನ ಗಲ್ಲಾದಿಂದ "ಬನ್ನಿ ಬನ್ನಿ, ಏನು ಅಪರೂಪ!" ಅಂತ ಸ್ವಾಗತವಾಯಿತು. ಶೀರಾ ತರಿಸಿದರು. ಜೊತೆಗೆ ಬಂದ ಚಮಚ ತಿರುಗಿಸಿ ನೋಡಿದರೆ ತಮ್ಮದೇ ಹೋಟೆಲಿನ ಹೆಸರು! ಶೀರಾ ಅಲ್ಲೇ ಬಿಟ್ಟು, ಚಮಚ ಜೇಬಿಗೆ ಹಾಕಿಕೊಂಡು ಬಂದರು. ಇಡೀ ಪ್ರಕರಣದಲ್ಲಿ ಕಣ್ಣಿಗೆ ಕಂಡ ಚಮಚ ಕಳ್ಳತನ ಅದೊಂದೇ.

ಆ ಸಂಜೆ ನಮ್ಮ ಕಡೆಯ ಚಮಚಗಳನ್ನೆಲ್ಲ ಸುರಿದು ನೋಡಿದಾಗ ಅರ್ಧಕ್ಕರ್ಧ ಬೇರೆ ಹೋಟೆಲಿನವು. ಎದುರು ಸಾಲಿನವರದ್ದೂ ಇದ್ದವು. ಫೋರ್ಟಿನಲ್ಲಿ ಆಫೀಸುಗಳಿಗೆ ಚಾ ತಿಂಡಿ ಹೋಗುತ್ತದೆ. ಖಾಲಿ ಪ್ಲೇಟು ಸಂಜೆಯವರೆಗೆ ಮೆಟ್ಟಿಲ ಕೆಳಗೆ ಬಿದ್ದಿರುತ್ತದೆ. ಯಾವ ಹೋಟೆಲಿನ ಹುಡುಗ ಮೊದಲು ಬಂದನೋ ಅವನು ಕೈಗೆ ಸಿಕ್ಕಿದ್ದನ್ನು ಒಟ್ಟು ಮಾಡಿಕೊಂಡು ಹೋಗುತ್ತಾನೆ. ಕಳ್ಳನೇ ಇಲ್ಲ! ದೊಡ್ಡಪ್ಪನಿಗೆ ಇದು ಬಹಳ ಬೇಜಾರಾಯಿತು. ಇಷ್ಟೆಲ್ಲ ಮಾಡಿ ಕೊನೆಗೆ ಬೆರಳು ತೋರಿಸಲು ಒಬ್ಬ ಬೇಡವೇ? ಆಲೂಗಡ್ಡೆಯ ಹುಡುಗನನ್ನು ವಾಪಸು ಕರೆದರಾ ಅಂದರೆ, ಇಲ್ಲ. ಅಲ್ಲೇ ಅಭ್ಯಾಸವಾಗಿತ್ತಂತೆ. ಯಾರಿಗೆ ಅಭ್ಯಾಸವಾಗಿತ್ತೋ.

ಓದಿದವನೇ ಕಳ್ಳ ಅನ್ನುವ ಈ ತರ್ಕ ದೊಡ್ಡಪ್ಪನೊಬ್ಬರದೇ ಅಲ್ಲ. ಅಮೆರಿಕದಲ್ಲಿ ಫ್ರೆಡ್ರಿಕ್ ವರ್ಥಮ್ ಅಂತ ಒಬ್ಬ ಮನೋವೈದ್ಯ ಇದನ್ನೇ ಇನ್ನೂ ದೊಡ್ಡ ಮಟ್ಟದಲ್ಲಿ ಮಾಡಿದ. ತನ್ನ ಹತ್ತಿರ ಬರುವ ಪುಂಡ ಹುಡುಗರೆಲ್ಲ ಕ್ರೈಮ್ ಕಾಮಿಕ್ಸ್ ಓದುತ್ತಾರೆ, ಹಾಗಾಗಿ ಕಾಮಿಕ್ಸೇ ಅವರನ್ನು ಕೆಡಿಸಿದ್ದು ಅಂದ. ಆಗ ಪುಂಡರಲ್ಲದವರೂ ಅದನ್ನೇ ಓದುತ್ತಿದ್ದರು, ಆದರೆ ಅವರು ಡಾಕ್ಟರ ಹತ್ತಿರ ಹೋಗುತ್ತಿರಲಿಲ್ಲ. 1954ರಲ್ಲಿ ಸೆನೆಟ್ ಸಮಿತಿಯ ಮುಂದೆ ವಿಚಾರಣೆಯಾಯಿತು. ರುಂಡ ಹಿಡಿದ ಕೈಯ ಚಿತ್ರವಿದ್ದ ಕವರ್ ಹಿಡಿದು, ಇದು ಸಭ್ಯವಾ ಅಂತ ಪ್ರಕಾಶಕ ವಿಲಿಯಂ ಗೇನ್ಸ್‌ನನ್ನು ಕೇಳಿದರು. ಹಾರರ್ ಕಾಮಿಕ್ಸ್ ಕವರಿಗೆ ಸಭ್ಯವೇ ಅಂದ ಪುಣ್ಯಾತ್ಮ. ಅದೇ ವರ್ಷ ಹೆಚ್ಚಿನ ಪ್ರಕಾಶಕರು ಸೇರಿ ನಿಯಮಾವಳಿ ಮಾಡಿಕೊಂಡರು. ಯಾವಾಗಲೂ ಒಳ್ಳೆಯವನೇ ಗೆಲ್ಲಬೇಕು, ಪೊಲೀಸರನ್ನು ಹೀಗಳೆಯಬಾರದು ಇತ್ಯಾದಿ. ನಮ್ಮ ಸರ್ಕಾರವೂ ಹಿಂದೆ ಬೀಳದೆ 1956ರಲ್ಲಿ, ಇಪ್ಪತ್ತು ವರ್ಷದ ಒಳಗಿನವರನ್ನು ಕೆಡಿಸುವ ಪ್ರಕಟಣೆಗಳ ವಿರುದ್ಧ ಕಾನೂನು ತಂದಿತು. ಚಮಚ ಕಾಣೆಯಾಗುವ ಹೊತ್ತಿಗೆ ಆಲೂಗಡ್ಡೆ ಹುಡುಗನಿಗೆ ಹದಿನಾರೋ ಹದಿನೇಳೋ. ದೊಡ್ಡಪ್ಪ ತಿಳಿಯದೆಯೇ ಕಾನೂನು ಪಾಲಿಸಿದ್ದರು.

ಅತ್ತ ಅಪರಾಧದಿಂದ ಲಾಭವಿಲ್ಲ ಅಂತ ಹೆಸರಿನಲ್ಲೇ ಸಾರುತ್ತಿದ್ದ ಒಂದು ಅಮೆರಿಕನ್ ಕಾಮಿಕ್ಸ್ ಇತ್ತು. ಅದರ ಸಂಪಾದಕರಲ್ಲೊಬ್ಬನಾದ ಬಾಬ್ ವುಡ್ 1958ರಲ್ಲಿ ಒಬ್ಬ ಹೆಂಗಸನ್ನು ಕೊಂದು ಜೈಲಿಗೆ ಹೋದ. ಓದಿದವರ ಮೇಲೆ ಇಟ್ಟಷ್ಟು ಕಣ್ಣನ್ನು ಬರೆಸಿದವರ ಮೇಲೂ ಇಟ್ಟಿದ್ದರೆ ಚೆನ್ನಾಗಿತ್ತು.

ಈಗಿನ ಕಲೆಕ್ಟರುಗಳಿಂದ ಮಾತ್ರ ಯಾರಿಗೂ ಅಪಾಯವಿಲ್ಲ. ಅವರು ಓದುವುದೇ ಇಲ್ಲ. ಕೈಗವಸು ಹಾಕಿಕೊಂಡು ಕಾಮಿಕ್ಸನ್ನು ಎತ್ತಿ ಕ್ಯಾಮೆರಾಗೆ ತೋರಿಸುತ್ತಾರೆ, ಅಂಚು ಅಳೆಯುತ್ತಾರೆ, ಮತ್ತೆ ಚೀಲಕ್ಕೆ ಹಾಕುತ್ತಾರೆ. ಕಥೆ ಏನು ಅಂತ ಕೇಳಿದರೆ "ನಂಬರ್ ಎಷ್ಟು ಹೇಳಿ" ಅಂತಾರೆ. ಇವರ ಕೈಯಲ್ಲಿ ಸಿಕ್ಕ ಕೊಲೆಗಾರರೆಲ್ಲ ಪ್ಲಾಸ್ಟಿಕ್ಕಿನೊಳಗೆ ಆರಾಮಾಗಿ ತಪ್ಪಿಸಿಕೊಂಡಿದ್ದಾರೆ.

ದೊಡ್ಡಪ್ಪ ಹೋಗಿ ಬಹಳ ವರ್ಷವಾಯಿತು. ಅವರ ಗಂಟು ಎಲ್ಲಿ ಹೋಯಿತು ಅಂತ ತಿಳಿಯಲು ಬೊರಿವಲಿಯಲ್ಲಿರುವ ಅವರ ಮಗನಿಗೆ ಫೋನ್ ಮಾಡಿದೆ. "ಅಣ್ಣಯ್ಯ, ದೊಡ್ಡಪ್ಪನ ಕಾಮಿಕ್ಸ್ ಏನಾದರೂ ಉಳಿದಿದಾವಾ?"

"ಎಂತದ್ದೂ ಇಲ್ಲ ಮಾರಾಯ. ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಕೊಟ್ಟಾಗ ಎಲ್ಲ ರದ್ದಿಗೆ ಹಾಕ್ದೆ. ಚಮಚ ಬೇಕಾರೆ ಇತ್ತ್, ಒಂದು ಡಬ್ಬಿ ತುಂಬ. ಆದ್ರೆ ಒಂದ್ರ ಮೇಲೂ ನಮ್ಮ ಹೋಟ್ಲಿನ ಹೆಸ್ರಿಲ್ಲ."